ದುರ್ಬೀನ್ ಆಪರೇಷನ್ನೋ, ಕೊಯ್ಯುವ ಆಪರೇಷನ್ನೋ?

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುವ ಒಬ್ಬ ತಾಯಿ ಮಗನೊಂದಿಗೆ ನನ್ನ ದವಾಖಾನೆಗೆ ಬಂದಿದ್ದರು. ಕೈಯಲ್ಲಿ ಸ್ಕ್ಯಾನಿಂಗ್ ರಿಪೋರ್ಟ್. ಪಿತ್ತಕೋಶದಲ್ಲಿ ಹಲವಾರು ಕಲ್ಲುಗಳು. ಸರ್ಜನ್ ಆಪರೇಷನ್ ಆಗಬೇಕೆಂದಿದ್ದರು. ಮಗ ಕೇಳಿದ ಪ್ರಶ್ನೆ ಒಂದೇ: "ಡಾಕ್ಟರ್ ಸಾಹೇಬ್ರ, ದುರ್ಬೀನ್ ಹಚ್ಚಿ ಮಾಡಸ್ಲೋ, ಕೊಯ್ದು ಮಾಡಸ್ಲೋ?"

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ನಮ್ಮ ಮನೆಗಳಲ್ಲಿ ಲ್ಯಾಪ್ರೋಸ್ಕೋಪಿ ಎಂಬ ಹೆಸರು ಅಷ್ಟಾಗಿ ನಿಂತಿಲ್ಲ. ಸಂತಾನಹರಣ ಚಿಕಿತ್ಸೆಯ ಶಿಬಿರಗಳ ಕಾಲದಿಂದ ಅದು ದುರ್ಬೀನ್ ಆಪರೇಷನ್. ಹೆಸರು ಹಳೆಯದಾದರೂ ಅದರ ಸುತ್ತ ಎರಡು ನಂಬಿಕೆಗಳು ಗಟ್ಟಿಯಾಗಿವೆ. ಒಂದು, ದುರ್ಬೀನ್ ಎಂದರೆ ಸಣ್ಣ ಆಪರೇಷನ್, ಮರುದಿನ ಎದ್ದು ಮನೆಗೆ ಬರಬಹುದು. ಎರಡನೆಯದು ಇದಕ್ಕೆ ತದ್ವಿರುದ್ಧ: ತೂತಿನಲ್ಲಿ ನೋಡಿ ಮಾಡಿದರೆ ಒಳಗೆ ಏನಾದರೂ ಉಳಿದುಬಿಡುತ್ತದೆ, ಕೊಯ್ದು ಮಾಡಿದರೇ ಖಾತ್ರಿ. ಒಂದೇ ಮನೆಯಲ್ಲಿ ಮಗ ಮೊದಲನೆಯದನ್ನು ನಂಬುತ್ತಾನೆ, ಅತ್ತೆ ಎರಡನೆಯದನ್ನು. ನಡುವೆ ರೋಗಿಯ ಹೊಟ್ಟೆನೋವು ಹಾಗೆಯೇ ಮುಂದುವರಿಯುತ್ತದೆ.

ನಾನು ಯುನಾನಿ ಓದಿದವನು, ಚಾಕು ಹಿಡಿಯುವವನಲ್ಲ. ಆದರೆ ನಮ್ಮ ಜನ ಸರ್ಜನ್ ಬಳಿ ಹೋಗುವ ಮುನ್ನ ಮತ್ತು ಹೋಗಿ ಬಂದ ನಂತರ ಹಕೀಮರ ಬಳಿಗೆ ಬರುತ್ತಾರೆ. ಆದ್ದರಿಂದ ಈ ತಾಯಿಯ ವಿಷಯದಲ್ಲಿ ನಾನು ಮಾಡಿದ ತಪ್ಪನ್ನೂ ಹೇಳಲೇಬೇಕು. ಇದಕ್ಕೂ ಒಂದು ವರ್ಷ ಮೊದಲು ಅವರು ಬಲ ಪಕ್ಕೆಯ ಕೆಳಗಿನ ನೋವೆಂದು ಬಂದಾಗ ನಾನು ಸ್ಕ್ಯಾನಿಂಗ್ ಬರೆಯದೆ ಹೊಟ್ಟೆಯುಬ್ಬರ, ಅಜೀರ್ಣ ಎಂದು ತಿಳಿದು ಕೆಲವು ತಿಂಗಳು ಜೋಶಾಂದ, ಚೂರ್ಣಗಳನ್ನು ಕೊಟ್ಟೆ. ನೋವು ಬರುತ್ತಿತ್ತು, ಹೋಗುತ್ತಿತ್ತು. ಪಿತ್ತಕೋಶದ ಕಲ್ಲಿನ ನೋವಿನ ಸ್ವಭಾವವೇ ಹಾಗೆ. ಎಣ್ಣೆಯ ಊಟದ ನಂತರ ಬರುತ್ತದೆ, ಕೆಲವು ಗಂಟೆ ಕಾಡಿ ತಾನೇ ಹೋಗುತ್ತದೆ. ಅದು ಹೋದದ್ದನ್ನು ನಾನು ನನ್ನ ಔಷಧಿಯ ಗುಣವೆಂದುಕೊಂಡೆ.

ಮೂತ್ರಪಿಂಡದ ಸಣ್ಣ ಕಲ್ಲು ನೀರು ಕುಡಿದರೆ, ಕಷಾಯ ಕುಡಿದರೆ ಮೂತ್ರದಲ್ಲಿ ಹೋಗುವುದುಂಟು. ಅದನ್ನು ನೋಡಿದವರು ಪಿತ್ತಕೋಶದ ಕಲ್ಲಿಗೂ ಅದೇ ದಾರಿ ಇದೆ ಎಂದುಕೊಳ್ಳುತ್ತಾರೆ. ಇಲ್ಲ. ಪಿತ್ತಕೋಶದ ಕಲ್ಲು ಜಾರಿ ಹೊರಬರುವ ದಾರಿ ಪಿತ್ತನಾಳ. ಅಲ್ಲಿ ಸಿಕ್ಕಿಕೊಂಡರೆ ಕಾಮಾಲೆ, ಕೆಲವೊಮ್ಮೆ ಮೇದೋಜೀರಕ ಗ್ರಂಥಿಯ ಉರಿಯೂತ. ಅದು ಜೀವಕ್ಕೇ ಎರವಾಗಬಹುದು. ಕಲ್ಲು ಕರಗಿಸುತ್ತೇವೆಂದು ಪುಡಿ ಮಾರುವವರು ನಮ್ಮ ಪದ್ಧತಿಯಲ್ಲೂ ಇದ್ದಾರೆ, ಬೇರೆ ಪದ್ಧತಿಗಳಲ್ಲೂ ಇದ್ದಾರೆ. ನೋವು ಕೊಡುವ ಪಿತ್ತಕೋಶದ ಕಲ್ಲಿಗೆ ಶಸ್ತ್ರಚಿಕಿತ್ಸೆಯೇ ಚಿಕಿತ್ಸೆ. ಇದನ್ನು ಯುನಾನಿ ವೈದ್ಯನಾಗಿಯೇ ಹೇಳುತ್ತಿದ್ದೇನೆ.

ಆ ತಾಯಿಗೆ ಕಡೆಗೆ ಆದದ್ದೂ ಅದೇ. ಮನೆಯಲ್ಲಿ ತೂತೋ ಕೊಯ್ಯುವುದೋ ಎಂಬ ಚರ್ಚೆ ಮುಗಿಯುವ ಮೊದಲೇ ಕಣ್ಣು ಹಳದಿಯಾಯಿತು, ಮೂತ್ರ ಕಡು ಬಣ್ಣಕ್ಕೆ ತಿರುಗಿತು, ಚಳಿಜ್ವರ ಬಂತು. ಹುಬ್ಬಳ್ಳಿಗೆ ಕರೆದೊಯ್ದರು. ಅಲ್ಲಿ ಬಾಯಿಯ ಮೂಲಕ ಕೊಳವೆ ಇಳಿಸಿ ಮೊದಲು ಪಿತ್ತನಾಳದ ಕಲ್ಲು ತೆಗೆದರು. ನಂತರ ಪಿತ್ತಕೋಶ ತೆಗೆಯಲು ದುರ್ಬೀನ್ ಹಾಕಿದರು. ಸ್ವಲ್ಪ ಹೊತ್ತಿಗೆ ಸರ್ಜನ್ ಹೊರಬಂದು, ಒಳಗೆಲ್ಲ ಅಂಟಿಕೊಂಡಿದೆ, ಪಿತ್ತನಾಳ ಸ್ಪಷ್ಟವಾಗಿ ಕಾಣುತ್ತಿಲ್ಲ, ತೆರೆದೇ ಮಾಡಬೇಕು ಎಂದರು. ಬಲ ಪಕ್ಕೆಲುಬಿನ ಕೆಳಗೆ ಓರೆಯಾಗಿ ಕೊಯ್ದು ಮುಗಿಸಿದರು.

ಮಗನಿಗೆ ಸಿಟ್ಟು. "ದುರ್ಬೀನ್ ಅಂತ ಹೇಳಿ ಕೊಯ್ದರಲ್ರೀ, ಅವರಿಗೆ ಬರಾಂಗಿಲ್ಲ ಅಂತಾತು" ಎಂದು ನನ್ನ ಮುಂದೆ ಬಂದು ಕೂತ. ಬರುತ್ತದೆ, ಆದ್ದರಿಂದಲೇ ನಿಲ್ಲಿಸಿದರು ಎಂದು ಅವನಿಗೆ ತಿಳಿಸಿ ಹೇಳಲು ನನಗೆ ಅರ್ಧ ಗಂಟೆ ಹಿಡಿಯಿತು.

ಚರ್ಮದ ಮೇಲಿನ ತೂತು ಸಣ್ಣದು, ಒಳಗಿನ ಆಪರೇಷನ್ ಸಣ್ಣದಲ್ಲ

ದುರ್ಬೀನ್‌ನಲ್ಲಿ ಏನು ನಡೆಯುತ್ತದೆ ಎಂದು ನೋಡೋಣ. ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಕೊಟ್ಟು ಹೊಕ್ಕುಳ ಬಳಿ ಸುಮಾರು ಒಂದು ಸೆಂಟಿಮೀಟರ್ ತೂತು ಮಾಡುತ್ತಾರೆ. ಅದರಿಂದ ಕಾರ್ಬನ್ ಡೈಆಕ್ಸೈಡ್ ಅನಿಲ ತುಂಬಿ ಹೊಟ್ಟೆಯನ್ನು ಗುಡಾರದಂತೆ ಎತ್ತುತ್ತಾರೆ. ಬಿಪಿ ಅಳೆಯುವ ಲೆಕ್ಕದಲ್ಲಿ ಈ ಅನಿಲದ ಒತ್ತಡ 12ರಿಂದ 15. ಒಂದು ತೂತಿನಿಂದ ಕ್ಯಾಮೆರಾ ಹೋಗುತ್ತದೆ, ಉಳಿದ ಎರಡು ಮೂರು ತೂತುಗಳಿಂದ ಉದ್ದನೆಯ ಸಲಕರಣೆಗಳು. ಸರ್ಜನ್ ಟಿವಿ ಪರದೆ ನೋಡುತ್ತಾ ಕೆಲಸ ಮಾಡುತ್ತಾರೆ. ಕ್ಯಾಮೆರಾ ದೊಡ್ಡದು ಮಾಡಿ ತೋರಿಸುತ್ತದೆ, ಹಾಗಾಗಿ ಒಳಗೆ ಏನೋ ಉಳಿಯುತ್ತದೆ ಎಂಬ ಅತ್ತೆಯ ಭಯಕ್ಕೆ ಆಧಾರವಿಲ್ಲ. ಆದರೆ ಸರ್ಜನ್‌ಗೆ ಬೆರಳಿನಿಂದ ಮುಟ್ಟಿ ನೋಡುವ ಅನುಕೂಲ ಇರುವುದಿಲ್ಲ. ಅಂಟಿಕೊಂಡಿರುವ ಜಾಗದಲ್ಲಿ ನಾಳ ಯಾವುದು, ರಕ್ತನಾಳ ಯಾವುದು ಎಂದು ಗೊತ್ತಾಗದೆ ಕತ್ತರಿ ಹಾಕಿದರೆ ಮುಖ್ಯ ಪಿತ್ತನಾಳಕ್ಕೇ ಪೆಟ್ಟಾಗಬಹುದು. ಇದು ಅಪರೂಪ, ಸಾವಿರದಲ್ಲಿ ಮೂರೋ ಐದೋ. ಕೊಯ್ಯುವ ಪದ್ಧತಿಯಲ್ಲಿ ಇದಕ್ಕಿಂತಲೂ ಕಡಿಮೆ. ಆದರೆ ಆ ಮೂವರಲ್ಲಿ ಒಬ್ಬರಾದವರಿಗೆ ಅದು ವರ್ಷಗಟ್ಟಲೆಯ ಕಷ್ಟ. ಯೋಜಿಸಿ ಮಾಡುವ ಪಿತ್ತಕೋಶದ ಆಪರೇಷನ್‌ಗಳಲ್ಲಿ ನೂರಕ್ಕೆ ಸುಮಾರು ಐದು ನಡುವೆ ತೆರೆದ ಶಸ್ತ್ರಚಿಕಿತ್ಸೆಗೆ ಬದಲಾಗುತ್ತವೆ. ತಡಮಾಡಿ, ಉರಿಯೂತ ಆದ ಮೇಲೆ ಹೋದವರಲ್ಲಿ ಇದು ಇನ್ನೂ ಹೆಚ್ಚು. ಆ ತಾಯಿಯ ಹೊಟ್ಟೆಯ ಮೇಲಿನ ಉದ್ದನೆಯ ಗಾಯದಲ್ಲಿ ನನ್ನ ಜೋಶಾಂದದ ತಿಂಗಳುಗಳ ಪಾಲೂ ಇದೆ.

ಈ ಪದ್ಧತಿಯ ಚರಿತ್ರೆ ದೊಡ್ಡದೇನಲ್ಲ. ಪಿತ್ತಕೋಶವನ್ನು ಹೊಟ್ಟೆ ತೆರೆದು ಮೊದಲು ತೆಗೆದದ್ದು 1882ರಲ್ಲಿ, ಬರ್ಲಿನ್‌ನಲ್ಲಿ. ತೂತಿನ ಮೂಲಕ ತೆಗೆದದ್ದು 1985ರಲ್ಲಿ, ಜರ್ಮನಿಯ ಬೋಬ್ಲಿಂಗನ್ ಊರಿನ ಸರ್ಜನ್ ಎರಿಕ್ ಮ್ಯೂಹೆ. ಆಗ ಅವರ ದೇಶದ ಸರ್ಜನ್‌ಗಳೇ ಅದನ್ನು ಒಪ್ಪಲಿಲ್ಲ. ನಮ್ಮ ದೇಶದಲ್ಲಿ 1990ರಲ್ಲಿ ಮುಂಬೈಯ ಡಾ. ತೆಹೆಂಟನ್ ಉದ್ವಾಡಿಯಾ ಆರಂಭಿಸಿದರು. ನಮ್ಮ ತಂದೆಯ ಕಾಲದಲ್ಲಿ ಇಲ್ಲದ್ದು ಈಗ ತಾಲೂಕು ಊರುಗಳ ನರ್ಸಿಂಗ್ ಹೋಮ್‌ಗಳ ಬೋರ್ಡಿನ ಮೇಲೆಯೂ ಇದೆ.

ಲಾಭಗಳು ನಿಜವಾದವು. ಗಾಯ ಕೀವಾಗುವುದು ಕಡಿಮೆ, ನೋವು ಕಡಿಮೆ, ಗಾಯದ ಜಾಗದಲ್ಲಿ ಮುಂದೆ ಹರ್ನಿಯಾ ಆಗುವುದು ಕಡಿಮೆ. ಪಿತ್ತಕೋಶಕ್ಕಾದರೆ ಒಂದೆರಡು ದಿನದಲ್ಲಿ ಮನೆ, ಒಂದೆರಡು ವಾರದಲ್ಲಿ ಹಗುರ ಕೆಲಸ. ಕೊಯ್ದು ಮಾಡಿದರೆ ಆಸ್ಪತ್ರೆಯಲ್ಲೇ ಮೂರರಿಂದ ಐದು ದಿನ, ಭಾರ ಎತ್ತಲು ಆರು ವಾರ ಕಾಯಬೇಕು. ದಿನಗೂಲಿಯವರಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಹಾಗಿದ್ದರೂ ಒಂದು ಪ್ರಯೋಗದ ಕಥೆ ಹೇಳಬೇಕೆನಿಸುತ್ತದೆ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ 200 ಪಿತ್ತಕೋಶ ರೋಗಿಗಳಲ್ಲಿ ಚೀಟಿ ಎತ್ತಿದಂತೆ ಅರ್ಧ ಜನಕ್ಕೆ ದುರ್ಬೀನ್, ಅರ್ಧ ಜನಕ್ಕೆ ಸಣ್ಣ ಕೊಯ್ತದ ಆಪರೇಷನ್ ಮಾಡಿದರು. ನಂತರ ಎಲ್ಲರ ಹೊಟ್ಟೆಗೂ ಒಂದೇ ತರಹದ ಪಟ್ಟಿ ಹಾಕಿದರು. ಯಾರಿಗೆ ಯಾವುದು ಆಗಿದೆ ಎಂದು ರೋಗಿಗೂ ಗೊತ್ತಿಲ್ಲ, ನೋಡಿಕೊಳ್ಳುವ ನರ್ಸ್‌ಗಳಿಗೂ ಗೊತ್ತಿಲ್ಲ. 1996ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಆಸ್ಪತ್ರೆಯಲ್ಲಿದ್ದ ದಿನಗಳಲ್ಲಾಗಲಿ, ಕೆಲಸಕ್ಕೆ ಮರಳಿದ ಸಮಯದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅಂದರೆ, ಅನುಭವಿ ಸರ್ಜನ್ ಸಣ್ಣದಾಗಿ ಕೊಯ್ದು ಮಾಡಿದರೂ ರೋಗಿ ಬೇಗ ಏಳುತ್ತಾನೆ. ನಮ್ಮ ಮನೆಗಳಲ್ಲಿ 'ಕೊಯ್ದಾರ' ಎಂದ ಕೂಡಲೇ ರೋಗಿಯನ್ನು ಹಾಸಿಗೆಗೆ ಕಟ್ಟಿ ಹಾಕುತ್ತೇವೆ, 'ತೂತು' ಎಂದರೆ ನಾಲ್ಕನೇ ದಿನ ಕೊಡಪಾನ ಹೊರಿಸುತ್ತೇವೆ. ಎರಡೂ ತಪ್ಪು.

ಎಲ್ಲ ರೋಗಕ್ಕೂ ಒಂದೇ ಉತ್ತರವಿಲ್ಲ

ಪಿತ್ತಕೋಶಕ್ಕೆ ದುರ್ಬೀನ್ ಇಂದು ಮೊದಲ ಆಯ್ಕೆ, ಅದರಲ್ಲಿ ಅನುಮಾನ ಬೇಡ. ಅಪೆಂಡಿಕ್ಸ್‌ಗೆ ಎರಡೂ ನಡೆಯುತ್ತದೆ. ರಾತ್ರಿ ನೋವು ಬಂದರೆ ರಾಣೆಬೆನ್ನೂರಿನಲ್ಲೋ ಹಾವೇರಿಯಲ್ಲೋ ಸಣ್ಣ ಕೊಯ್ತದಲ್ಲಿ ತಕ್ಷಣ ತೆಗೆಸುವುದು, ದುರ್ಬೀನ್ ಬೇಕೆಂದು ಮರುದಿನ ದಾವಣಗೆರೆಗೆ ಒಯ್ಯುವುದಕ್ಕಿಂತ ಮೇಲು. ಒಡೆದ ಅಪೆಂಡಿಕ್ಸ್ ಕಾಯುವುದಿಲ್ಲ.

ಹರ್ನಿಯಾದ ಮಾತು ಬೇರೆ. ನಮ್ಮ ಹಮಾಲರಲ್ಲಿ, ಚೀಲ ಹೊರುವವರಲ್ಲಿ ಇದು ಬಹಳ. ತೊಡೆಸಂದಿನ ಹರ್ನಿಯಾವನ್ನು ಕೊಯ್ದು ಜಾಳಿಗೆ ಇಟ್ಟು ಹೊಲಿಯುವುದನ್ನು ಬೆನ್ನಿಗೆ ಸೂಜಿ ಕೊಟ್ಟು, ಕೆಲವೊಮ್ಮೆ ಆ ಜಾಗವನ್ನಷ್ಟೇ ಜೋಮು ಹಿಡಿಸಿಯೂ ಮಾಡಬಹುದು. ಹೃದಯದ ತೊಂದರೆ, ದಮ್ಮು ಇರುವ ಹಿರಿಯರಿಗೆ ಇದೇ ಹೆಚ್ಚು ಸುರಕ್ಷಿತ. ದುರ್ಬೀನ್‌ಗೆ ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಬೇಕು. ಎರಡೂ ಕಡೆ ಹರ್ನಿಯಾ ಇದ್ದರೆ, ಅಥವಾ ಒಮ್ಮೆ ಕೊಯ್ದು ಮಾಡಿದ್ದು ಮತ್ತೆ ಬಂದಿದ್ದರೆ, ದುರ್ಬೀನ್ ಹೆಚ್ಚು ಅನುಕೂಲ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆದ, 2004ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ದುರ್ಬೀನ್ ಮಾಡಿಸಿಕೊಂಡವರಲ್ಲಿ ನೂರಕ್ಕೆ ಹತ್ತು ಜನಕ್ಕೆ ಹರ್ನಿಯಾ ಮರಳಿತ್ತು, ಕೊಯ್ದವರಲ್ಲಿ ಐದು ಜನಕ್ಕೆ. ಆದರೆ 250ಕ್ಕೂ ಹೆಚ್ಚು ದುರ್ಬೀನ್ ಹರ್ನಿಯಾ ಮಾಡಿದ ಸರ್ಜನ್‌ಗಳ ರೋಗಿಗಳಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಯಂತ್ರಕ್ಕಿಂತ ಕೈ ಮುಖ್ಯ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಸಾವಿರ ವರ್ಷಗಳ ಹಿಂದೆ ಕೊರ್ಡೋವಾದ ಅಬುಲ್ ಕಾಸಿಂ ಅಲ್ ಝಹ್ರಾವಿ ತಮ್ಮ ಅತ್ತಸ್ರೀಫ್ ಗ್ರಂಥದ ಕೊನೆಯ ಭಾಗದಲ್ಲಿ ನೂರಾರು ಸಲಕರಣೆಗಳ ಚಿತ್ರ ಬರೆದರು. ಆದರೆ ಆ ಭಾಗವನ್ನು ಅವರು ಆರಂಭಿಸಿದ್ದು ಸಲಕರಣೆಗಳಿಂದಲ್ಲ, ಅಂಗರಚನೆ ತಿಳಿಯದೆ ಚಾಕು ಹಾಕಿ ರೋಗಿಗಳನ್ನು ಕೊಂದ ವೈದ್ಯರ ಉದಾಹರಣೆಗಳಿಂದ.

ಗರ್ಭಕೋಶದ ವಿಷಯದಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನಮ್ಮ ಜಿಲ್ಲೆಗೆ ಇದು ಹೊರಗಿನ ಮಾತಲ್ಲ. ರಾಣೆಬೆನ್ನೂರು ತಾಲೂಕಿನ ಅನೇಕ ಹೆಣ್ಣುಮಕ್ಕಳು, ಅವರಲ್ಲಿ ಬಹುಪಾಲು ತಾಂಡಾಗಳ ಬಡ ಕೂಲಿಕಾರರು, ಅಗತ್ಯವಿಲ್ಲದೆ ತಮ್ಮ ಗರ್ಭಕೋಶ ತೆಗೆಯಲಾಗಿದೆ ಎಂದು ದೂರಿ ಬೀದಿಗಿಳಿದದ್ದು, ಪರಿಹಾರಕ್ಕಾಗಿ ವರ್ಷಗಟ್ಟಲೆ ಹೋರಾಡಿದ್ದು ಪತ್ರಿಕೆ ಓದುವವರಿಗೆಲ್ಲ ಗೊತ್ತು. ಬೇರೆ ರಾಜ್ಯಗಳಿಂದಲೂ ಇಂಥ ದೂರುಗಳು ಬಂದು, 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಹೇಳಿತು. ಬಿಳಿಸೆರಗು, ಸೊಂಟನೋವು, ಮುಟ್ಟಿನಲ್ಲಿ ಏರುಪೇರು ಎಂದು ಹೋದ 35 ವರ್ಷದ ಹೆಣ್ಣುಮಗಳಿಗೆ, 'ಮುಂದೆ ಕ್ಯಾನ್ಸರ್ ಆಗುತ್ತದೆ, ದುರ್ಬೀನ್‌ನಲ್ಲಿ ತೆಗೆದುಬಿಡೋಣ, ಮೂರು ತೂತು ಅಷ್ಟೇ' ಎಂದು ಯಾರಾದರೂ ಹೇಳಿದರೆ ಅಲ್ಲಿ ಕೇಳಬೇಕಾದದ್ದು ತೂತೋ ಕೊಯ್ತವೋ ಎಂದಲ್ಲ. ತೆಗೆಯಲೇಬೇಕೆ ಎಂದು. ಮಾತ್ರೆ, ಹಾರ್ಮೋನು ಇರುವ ವಂಕಿ, ಇನ್ನಿತರ ಚಿಕಿತ್ಸೆಗಳನ್ನು ನೋಡಿದ್ದೀರಾ ಎಂದು ಕೇಳಿ. ಇನ್ನೊಬ್ಬ ಸ್ತ್ರೀರೋಗ ತಜ್ಞರಿಗೆ ತೋರಿಸಿ. ತೂತು ಸಣ್ಣದಾದಷ್ಟೂ ಹೂಂ ಎನ್ನುವುದು ಸುಲಭವಾಗುತ್ತದೆ, ಈ ಪದ್ಧತಿಯ ಬಗ್ಗೆ ನನಗಿರುವ ದೊಡ್ಡ ಹೆದರಿಕೆ ಅದು.

ನಿಜಕ್ಕೂ ತೆಗೆಯಬೇಕಾಗಿದ್ದರೆ, ಹೊಟ್ಟೆಯ ಮೇಲೆ ಒಂದು ಗೆರೆಯೂ ಬೀಳದಂತೆ ಯೋನಿಮಾರ್ಗವಾಗಿಯೇ ತೆಗೆಯುವ ಹಳೆಯ ವಿಧಾನವಿದೆ. ಸಾಧ್ಯವಿರುವವರಿಗೆ ಅದೇ ಒಳ್ಳೆಯದೆಂಬುದು ತಜ್ಞರ ಅಭಿಪ್ರಾಯ. ಅದಕ್ಕೆ ಟಿವಿ ಪರದೆ ಬೇಡ, ಬೋರ್ಡಿನ ಮೇಲೆ ಅದರ ಜಾಹೀರಾತೂ ಕಾಣುವುದಿಲ್ಲ. ಇನ್ನು ಗರ್ಭಕೋಶದ ಕೊರಳಿನ ಕ್ಯಾನ್ಸರ್‌ಗೆ 2018ರ ದೊಡ್ಡ ಅಧ್ಯಯನವೊಂದು ಎಲ್ಲರನ್ನೂ ಬೆಚ್ಚಿಬೀಳಿಸಿತು. ಆರಂಭದ ಹಂತದಲ್ಲಿದ್ದವರಲ್ಲಿ ನಾಲ್ಕೂವರೆ ವರ್ಷಗಳ ನಂತರ ರೋಗ ಮರಳದೆ ಬದುಕಿದ್ದವರು ಹೊಟ್ಟೆ ತೆರೆದು ಮಾಡಿದಾಗ ನೂರಕ್ಕೆ 96, ತೂತಿನ ಪದ್ಧತಿಯಲ್ಲಿ 86. ಅಲ್ಲಿ ದೊಡ್ಡ ಗಾಯವೇ ದೊಡ್ಡ ರಕ್ಷಣೆ.

ಸರ್ಜನ್ ಮುಂದೆ ಕೂತಾಗ

ಸಂಕೋಚ ಬಿಟ್ಟು ಕೇಳಿ. ಈ ಆಪರೇಷನ್ ಈಗ ಮಾಡದಿದ್ದರೆ ಏನಾಗುತ್ತದೆ? ನನ್ನ ತೊಂದರೆಗೆ ಯಾವ ಪದ್ಧತಿ, ಏಕೆ? ನೀವು ಇದನ್ನು ಎಷ್ಟು ಮಾಡಿದ್ದೀರಿ? ಒಳಗೆ ಕಷ್ಟವಾದರೆ ತೆರೆಯುವ ಏರ್ಪಾಡು ಇಲ್ಲಿಯೇ ಇದೆಯೇ, ರಕ್ತ ಸಿಗುತ್ತದೆಯೇ? ಒಳ್ಳೆಯ ಸರ್ಜನ್ ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. 'ಯಾವ ಕಾರಣಕ್ಕೂ ತೆರೆಯುವುದಿಲ್ಲ, ಗ್ಯಾರಂಟಿ' ಎನ್ನುವವರಿಗಿಂತ 'ಬೇಕಾದರೆ ತೆರೆಯುತ್ತೇನೆ' ಎನ್ನುವವರ ಬಳಿ ನಾನು ನನ್ನ ಮನೆಯವರನ್ನು ಕಳಿಸುತ್ತೇನೆ. ಒಪ್ಪಿಗೆ ಪತ್ರದಲ್ಲಿ ಆ ಮಾತು ಬರೆದಿರುತ್ತದೆ. ಗಂಡನೋ ಮಗನೋ ಮಾತ್ರವಲ್ಲ, ಸಹಿ ಹಾಕುವ ಮೊದಲು ರೋಗಿಯೇ ಅದನ್ನು ಓದಿಸಿ ಕೇಳಲಿ. ಹೆಣ್ಣುಮಕ್ಕಳು ಪರದೆಯ ವಿಷಯವನ್ನೂ ಮೊದಲೇ ಹೇಳಿಕೊಳ್ಳಬಹುದು. ಹೊಟ್ಟೆಯ ಭಾಗ ಬಿಟ್ಟು ಉಳಿದದ್ದು ಮುಚ್ಚಿಯೇ ಇರುತ್ತದೆ, ಹೇಳಿದರೆ ಮಹಿಳಾ ಸಿಬ್ಬಂದಿಯ ಏರ್ಪಾಡು ಬಹುಮಟ್ಟಿಗೆ ಆಗುತ್ತದೆ. ಲೇಡಿ ಸರ್ಜನ್ ಸಿಗಲಿಲ್ಲವೆಂದು ಕಾಮಾಲೆ ಬರುವವರೆಗೆ ಕಾಯಬೇಡಿ.

ಹಣದ ಮಾತು ಚಿಕ್ಕದಾಗಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ತುರ್ತಲ್ಲದ ಆಪರೇಷನ್‌ಗೆ ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೊದಲೇ ಪಡೆಯಿರಿ. ಅಡ್ವಾನ್ಸ್ ಕಟ್ಟುವ ಮುನ್ನ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಹುಡುಕಿ.

ಸಿದ್ಧತೆಯಲ್ಲಿ ಯಾರೂ ಹೇಳದ ಒಂದು ಸಂಗತಿ ಗುಟ್ಕಾ. ವರ್ಷಗಟ್ಟಲೆ ಗುಟ್ಕಾ, ಅಡಿಕೆ ಅಗಿದವರ ಬಾಯಿ ಎರಡು ಬೆರಳಿನಷ್ಟೂ ತೆರೆಯುವುದಿಲ್ಲ. ಅರಿವಳಿಕೆ ವೈದ್ಯರು ಉಸಿರಾಟದ ಕೊಳವೆಯನ್ನು ಎಲ್ಲಿಂದ ಹಾಕಬೇಕು? ಬೀಡಿ, ಸಿಗರೇಟನ್ನು ಕನಿಷ್ಠ ನಾಲ್ಕು ವಾರ ಮೊದಲೇ ಬಿಡಿ. ನಮ್ಮಂಥವರು ಕೊಟ್ಟ ಹಬ್ಬು, ಮಾಜೂನು, ಕುಷ್ತಾ, ಬೆಳ್ಳುಳ್ಳಿಯ ಕ್ಯಾಪ್ಸೂಲುಗಳನ್ನು ಮುಚ್ಚಿಡದೆ ಆ ವೈದ್ಯರಿಗೆ ತೋರಿಸಿ. ಕೆಲವು ರಕ್ತ ಹೆಪ್ಪುಗಟ್ಟುವುದನ್ನು ನಿಧಾನಿಸುತ್ತವೆ. ಇನ್ನು ಹೊಕ್ಕುಳ. ದುರ್ಬೀನ್‌ನ ಮೊದಲ ತೂತು ಬೀಳುವುದೇ ಅಲ್ಲಿ, ಆದರೆ ನಾವು ತೊಳೆಯಲು ಮರೆಯುವ ಜಾಗವೂ ಅದೇ. ಹಿಂದಿನ ಎರಡು ಮೂರು ದಿನ ಸೋಪು ನೀರಿನಿಂದ ಮೆತ್ತಗೆ ಕೊಳೆ ತೆಗೆಯಿರಿ. ಮನೆಯಲ್ಲಿ ಬ್ಲೇಡಿನಿಂದ ಕೂದಲು ತೆಗೆಯಬೇಡಿ, ಆ ಕಾಣದ ಗೀರುಗಳಿಂದಲೇ ಕೀವು ಶುರುವಾಗುತ್ತದೆ. ಆಸ್ಪತ್ರೆಯವರು ಕ್ಲಿಪ್ಪರ್‌ನಿಂದ ತೆಗೆಯುತ್ತಾರೆ.

ಮನೆಗೆ ಬಂದ ಮೇಲೆ

ದುರ್ಬೀನ್ ಆದವರಿಗೆ ಮೊದಲ ಒಂದೆರಡು ದಿನ ಭುಜದಲ್ಲಿ ನೋವು ಬರುತ್ತದೆ. ಹೊಟ್ಟೆಗೆ ಆಪರೇಷನ್ ಆದರೆ ಭುಜ ಏಕೆ ನೋಯುತ್ತದೆಂದು ಹೆದರಿ ಹೃದಯದ ಡಾಕ್ಟರ ಬಳಿ ಓಡಿದವರಿದ್ದಾರೆ. ಉಳಿದ ಅನಿಲ ವಪೆಯನ್ನು ಕೆಣಕುವುದರಿಂದ ಆಗುವ ನೋವು ಅದು, ಓಡಾಡಿದರೆ ಹೋಗುತ್ತದೆ. ಎದೆ ಬಿಗಿದು ಉಸಿರು ಕಟ್ಟಿದರೆ ಮಾತ್ರ ತೋರಿಸಲೇಬೇಕು.

ಗಾಯಕ್ಕೆ ಅರಿಶಿನ, ಬೂದಿ, ಕೊಬ್ಬರಿ ಎಣ್ಣೆ ಬೇಡ. ವುಝೂ ಮಾಡುವಾಗ ಕೈ, ಮುಖ, ಕಾಲು ತೊಳೆಯಲು ಹೊಟ್ಟೆಯ ಗಾಯ ಅಡ್ಡಿಯಲ್ಲ. ಫರ್ಝ್ ಸ್ನಾನದಲ್ಲಿ ಪಟ್ಟಿಯ ಮೇಲೆ ಒದ್ದೆ ಕೈ ಸವರುವ, ನೀರು ಹಾನಿ ಎಂದರೆ ತಯಮ್ಮುಮ್ ಮಾಡುವ ರಿಯಾಯಿತಿ ಶರೀಅತ್‌ನಲ್ಲಿದೆ, ವಿವರವನ್ನು ನಿಮ್ಮ ಆಲಿಮರಿಂದ ತಿಳಿಯಿರಿ. ತಲೆಗೆ ಗಾಯವಾಗಿದ್ದ ಒಬ್ಬರಿಗೆ ಸಂಗಾತಿಗಳು ಸ್ನಾನ ಮಾಡಲೇಬೇಕೆಂದು ಹೇಳಿ, ಅದರಿಂದ ಅವರು ತೀರಿಕೊಂಡಾಗ ಪ್ರವಾದಿ(ಸ) ಎಷ್ಟು ಕಠಿಣವಾಗಿ ಖಂಡಿಸಿದರೆಂಬುದು ಹದೀಸ್‌ನಲ್ಲಿದೆ. ಸುಜೂದ್‌ಗೆ ಬಾಗಿದಾಗ ಗಾಯ ಎಳೆದರೆ ಕೂತು ಸನ್ನೆಯಿಂದ ನಮಾಝ್ ಮಾಡಿ. ಕೊಯ್ದವರಿಗೆ ಇದು ಕೆಲವು ವಾರ ಬೇಕಾಗುತ್ತದೆ.

ಬ್ಯಾಡಗಿಯವರಿಗೆ ಒಂದು ವಿಶೇಷ ಸೂಚನೆ. ಸುಗ್ಗಿಯಲ್ಲಿ ಮೆಣಸಿನಕಾಯಿ ಘಾಟಿಗೆ ಊರೇ ಸೀನುತ್ತದೆ. ಹೊಟ್ಟೆ ಹೊಲಿದವರಿಗೆ ಒಂದು ಬಲವಾದ ಸೀನು, ಕೆಮ್ಮು ಒಂದು ಚೀಲ ಎತ್ತಿದಂತೆ. ಹರ್ನಿಯಾದವರು ಆರು ವಾರ ಪೇಟೆ ಕಡೆ ಸುಳಿಯದಿರುವುದೇ ಲೇಸು. ಕೆಮ್ಮು ಬಂದರೆ ಗಾಯದ ಮೇಲೆ ದಿಂಬು ಒತ್ತಿ ಹಿಡಿಯಿರಿ.

ಯಾವ ಪದ್ಧತಿಯಾದರೂ ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಎರಡನೇ, ಮೂರನೇ ದಿನಕ್ಕೆ ಏರುತ್ತಿದ್ದರೆ, ಹೊಟ್ಟೆ ಉಬ್ಬಿ ವಾಂತಿಯಾದರೆ, ಜ್ವರ, ಕಣ್ಣಿನಲ್ಲಿ ಹಳದಿ, ಗಾಯದಿಂದ ಪಿತ್ತದ ಬಣ್ಣದ ನೀರು ಕಂಡರೆ ಬೆಳಗಿನ ಬಸ್ಸಿಗೆ ಕಾಯದೆ ಆಪರೇಷನ್ ಮಾಡಿದ ಆಸ್ಪತ್ರೆಗೇ ಹೋಗಿ. ನನ್ನ ಬಳಿಗೆ ಬರಬೇಡಿ.

ಆ ತಾಯಿ ಎರಡು ತಿಂಗಳ ನಂತರ ಕೆಲಸಕ್ಕೆ ಮರಳಿದರು. ಮೊನ್ನೆ ನಾದಿನಿಯನ್ನು ಕರೆದುಕೊಂಡು ಬಂದಿದ್ದರು. ಬೇರೆ ಯಾವುದಕ್ಕೋ ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದ ಎರಡು ಕಲ್ಲು ಕಂಡಿವೆ. ನೋವಿಲ್ಲ, ಕಾಮಾಲೆಯಿಲ್ಲ, ಸಕ್ಕರೆ ಕಾಯಿಲೆಯೂ ಇಲ್ಲ. ಇಂಥ ಸದ್ದಿಲ್ಲದ ಕಲ್ಲು ವರ್ಷಕ್ಕೆ ನೂರರಲ್ಲಿ ಒಂದರಿಂದ ನಾಲ್ಕು ಜನಕ್ಕೆ ಮಾತ್ರ ತೊಂದರೆ ಕೊಡುತ್ತದೆ. ಸರ್ಜನ್‌ಗೆ ಒಮ್ಮೆ ತೋರಿಸಿ, ಈಗ ಆಪರೇಷನ್ ಬೇಕಾಗಲಿಕ್ಕಿಲ್ಲ, ನೋವು ಬಂದರೆ ತಡಮಾಡಬೇಡಿ ಎಂದೆ. ಜೋಶಾಂದವನ್ನೂ ಕೊಡಲಿಲ್ಲ. "ದುರ್ಬೀನೂ ಬ್ಯಾಡ, ಕೊಯ್ಯೋದೂ ಬ್ಯಾಡ, ದವಾನೂ ಇಲ್ಲ, ಮತ್ತ ನಾವು ಬಂದಿದ್ದ್ಯಾಕ?" ಎಂದು ನಾದಿನಿ ಸ್ವಲ್ಪ ಬೇಸರದಿಂದಲೇ ಎದ್ದು ಹೋದರು.